ಕಕ್ಷೆಯಲ್ಲಿ ಗಣಕ ಎಚ್ಚರಗೊಳ್ಳುವ ಬಗೆ

ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ವಿದ್ಯುತ್ ಹೋಗಿ ಬಂದು ಬಿಲ್ಲು ಹಾಕುವ ಗಣಕ ಸ್ಥಗಿತಗೊಂಡರೆ, ಅಂಗಡಿಯವರು ಗುಂಡಿ ಒತ್ತಿ ಅದನ್ನು ಮತ್ತೆ ಆರಂಭಿಸುತ್ತಾರೆ. ಗಣಕ 650 ಕಿಲೋಮೀಟರ್ ಎತ್ತರದಲ್ಲಿದ್ದರೆ ಗುಂಡಿ ಒತ್ತುವವರು ಯಾರು?

ಭಾರತದ ಖಗೋಳ ವೀಕ್ಷಣಾ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ರಂದು ಸೇರಿದ್ದು ಅಂಥ ಕಕ್ಷೆಯನ್ನೇ. ಅದು ಸಿದ್ಧವಾದದ್ದು ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ. ಅದರ ಅತಿನೇರಳೆ ದೂರದರ್ಶಕದ ಜೋಡಣೆ ನಡೆದದ್ದು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಹೊಸಕೋಟೆಯ ಪ್ರಯೋಗಾಲಯದಲ್ಲಿ. ಆ ಎತ್ತರದಲ್ಲಿ ಭೂಮಿಯನ್ನು ಒಮ್ಮೆ ಸುತ್ತಲು ಸುಮಾರು 98 ನಿಮಿಷ ಬೇಕು. ನೆಲದ ಒಂದು ಆಂಟೆನಾಕ್ಕೆ ಉಪಗ್ರಹ ಕಾಣುವುದು ಅದರಲ್ಲಿ ಹತ್ತು ನಿಮಿಷದಷ್ಟು ಮಾತ್ರ. ಉಳಿದ ವೇಳೆಯಲ್ಲಿ ಗಣಕ ನಿಂತುಹೋದರೆ ಅದು ತಾನಾಗಿಯೇ ಎಚ್ಚರಗೊಳ್ಳಬೇಕು.

ಗಣಕ ನಿಲ್ಲುವುದೇಕೆ? ವಿಶ್ವಕಿರಣದ ಒಂದು ಕಣ ಸ್ಮೃತಿಕೋಶವನ್ನು ಹಾದುಹೋದರೆ ಅಲ್ಲಿರುವ 0, 1 ಆಗಿಬಿಡಬಹುದು. ಆಗ ತಂತ್ರಾಂಶ ದಾರಿ ತಪ್ಪುತ್ತದೆ. ಇದಕ್ಕಾಗಿ ಗಣಕದಲ್ಲಿ ಒಂದು ಕಾವಲು ಗಡಿಯಾರವಿರುತ್ತದೆ. ಸರಿಯಾಗಿ ನಡೆಯುತ್ತಿರುವ ತಂತ್ರಾಂಶ ನಿಗದಿತ ಅವಧಿಗೊಮ್ಮೆ ಈ ಗಡಿಯಾರವನ್ನು ಸೊನ್ನೆಗೆ ತರುತ್ತದೆ. ತರದೆ ಹೋದರೆ ಗಡಿಯಾರವೇ ಗಣಕವನ್ನು ಮರಳಿ ಆರಂಭಿಸುತ್ತದೆ.

ಮೊದಲು ಓಡುವುದು, ಅಳಿಸಲಾಗದ ಸ್ಮೃತಿಯಲ್ಲಿರುವ ಒಂದು ಪುಟ್ಟ ಕ್ರಮವಿಧಿ. ಅದು ಸ್ಮೃತಿಕೋಶಗಳಲ್ಲಿ ಬರೆದು, ಓದಿ ನೋಡುತ್ತದೆ. ಬಳಿಕ ಮುಖ್ಯ ತಂತ್ರಾಂಶದ ಪ್ರತಿ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುತ್ತದೆ. ಹೇಗೆ? 7, 12, 9 ಎಂಬ ಅಂಕಿಗಳ ಜೊತೆಗೆ ಅವುಗಳ ಮೊತ್ತ 28 ಅನ್ನೂ ಇಟ್ಟಿದ್ದೇವೆ ಎನ್ನಿ. ದ್ವಿಮಾನದಲ್ಲಿ 12 ಎಂದರೆ 1100. ಕೊನೆಯ ಸ್ಥಾನ ಬದಲಾದರೆ 1101, ಅಂದರೆ 13. ಮೊತ್ತ 29 ಆಗಿ ತಪ್ಪು ಬಯಲಾಗುತ್ತದೆ. ಪ್ರತಿ ಸರಿಯಿದ್ದರೆ ಮುಖ್ಯ ತಂತ್ರಾಂಶ ಆರಂಭವಾಗುತ್ತದೆ. ಇಲ್ಲವಾದರೆ ಗಣಕ ಸುರಕ್ಷಾ ಸ್ಥಿತಿಯಲ್ಲಿ ಉಳಿಯುತ್ತದೆ: ಸೌರಫಲಕಗಳು ಸೂರ್ಯನತ್ತ, ದೂರದರ್ಶಕದ ಮುಖ ಸೂರ್ಯನಿಂದ ದೂರ, ಕಿವಿ ನೆಲದ ಆದೇಶದತ್ತ.

ಉಡಾವಣೆಗೆ ಮುನ್ನ ಇದನ್ನೆಲ್ಲ ಪರೀಕ್ಷಿಸಬೇಕು. ಇನ್ನೊಂದು ಗಣಕ ನಕ್ಷತ್ರ, ಸೂರ್ಯ, ಭ್ರಮಣ ಸಂವೇದಕಗಳ ಕೃತಕ ಸಂಕೇತಗಳನ್ನು ಒದಗಿಸುತ್ತದೆ. ನಿಯಂತ್ರಣ ಗಣಕಕ್ಕೆ ತಾನು ಕಕ್ಷೆಯಲ್ಲಿದ್ದೇನೆಂದೇ ತೋರುತ್ತದೆ. ಆಗ ಬೇಕೆಂದೇ ತೊಂದರೆ ಕೊಡುತ್ತಾರೆ: ಆರಂಭದ ನಡುವೆ ವಿದ್ಯುತ್ ಕಡಿಯುವುದು, ತಂತ್ರಾಂಶದ ಒಂದು ಅಂಕೆ ಕೆಡಿಸುವುದು, ಸಂವೇದಕವೊಂದನ್ನು ಮೌನವಾಗಿಸುವುದು. ಆರಂಭ, ಸೋಲು, ಮತ್ತೆ ಆರಂಭ ಎಂದು ಕೊನೆಯಿಲ್ಲದೆ ಸುತ್ತುವ ಅಪಾಯವನ್ನೂ ನೋಡಬೇಕು. ಅದಕ್ಕೆ ಆರಂಭಗಳನ್ನು ಎಣಿಸಿ, ಮಿತಿ ಮೀರಿದರೆ ಸುರಕ್ಷಾ ಸ್ಥಿತಿಯಲ್ಲೇ ನಿಲ್ಲುವಂತೆ ಮಾಡಬಹುದು.

ಇಷ್ಟು ಜಾಗ್ರತೆ ಅಗತ್ಯವೇ? ಜಪಾನಿನ ಕ್ಷಕಿರಣ ದೂರದರ್ಶಕ ಹಿಟೋಮಿಯ ಕಥೆ ಕೇಳಿ. 2016ರ ಫೆಬ್ರವರಿ 17ರಂದು ಹಾರಿದ ಅದು ಮಾರ್ಚ್ 26ರಂದು ಕೈತಪ್ಪಿತು. ತಿರುಗದೆ ಇದ್ದ ಉಪಗ್ರಹ ತಿರುಗುತ್ತಿದೆಯೆಂದು ನಿಯಂತ್ರಣ ವ್ಯವಸ್ಥೆ ತಪ್ಪಾಗಿ ಲೆಕ್ಕ ಹಾಕಿತು. ಇಲ್ಲದ ಭ್ರಮಣವನ್ನು ತಡೆಯಲು ಹೋಗಿ ನಿಜವಾಗಿಯೇ ತಿರುಗಿಸಿತು. ಸುರಕ್ಷಾ ಸ್ಥಿತಿಯಲ್ಲಿ ಥ್ರಸ್ಟರುಗಳು ಅದನ್ನು ನಿಲ್ಲಿಸಬೇಕಿತ್ತು. ಆದರೆ ಅವಕ್ಕಾಗಿ ನೆಲದಿಂದ ಕಳುಹಿಸಿದ್ದ ಅಂಕಿಗಳೇ ತಪ್ಪಾಗಿದ್ದವು. ವೇಗ ಹೆಚ್ಚಿ, ಸೌರಫಲಕಗಳು ಮುರಿದುಹೋದವು.

ಇಲ್ಲೊಂದು ಸೂಕ್ಷ್ಮವಿದೆ. ಮೊತ್ತದ ಪರೀಕ್ಷೆ, ಕಳುಹಿಸಿದ ಅಂಕಿ ಬದಲಾಗದೆ ತಲಪಿದೆ ಎಂದಷ್ಟೇ ಹೇಳಬಲ್ಲದು. ಅಂಕಿಯೇ ತಪ್ಪಾಗಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಆದ್ದರಿಂದ ಹೊಸ ಅಂಕಿಗಳನ್ನೂ ಕೃತಕ ಕಕ್ಷೆಯಲ್ಲಿ ಓಡಿಸಿ ನೋಡಿಯೇ ಮೇಲಕ್ಕೆ ಕಳುಹಿಸಬೇಕು.

ತರಗತಿಯಲ್ಲಿ ಇದನ್ನು ಮಾಡಿ ನೋಡಿ: 7, 12, 9ರಲ್ಲಿ ಎರಡು ಅಂಕಿಗಳನ್ನು ಹೇಗೆ ಕೆಡಿಸಿದರೆ ಮೊತ್ತ 28 ಆಗಿಯೇ ಉಳಿಯುತ್ತದೆ? ಉತ್ತರ ಸಿಕ್ಕಾಗ, ಉಪಗ್ರಹಗಳಲ್ಲಿ ಸರಳ ಮೊತ್ತಕ್ಕಿಂತ ಬಿಗಿಯಾದ ಪರೀಕ್ಷೆ ಏಕೆ ಬೇಕೆಂಬುದು ನಿಮಗೇ ತಿಳಿಯುತ್ತದೆ.