ಇಂದ್ರಜಿತುವನ್ನು ಕೊಂದ ನಿರ್ದೇಶಕ

‘ಸತಿ ಸುಲೋಚನ’ದ ಬಗ್ಗೆ ಬರೆಯುವವರೆಲ್ಲ ಒಂದೇ ಪಾಠ ಒಪ್ಪಿಸುತ್ತಾರೆ. ಕನ್ನಡದ ಮೊದಲ ವಾಕ್ಚಿತ್ರ, ತೆರೆ ಕಂಡದ್ದು 1934ರ ಮಾರ್ಚ್ 3, ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್ ಚಿತ್ರಮಂದಿರ. ನಾನೂ ವರ್ಷಗಟ್ಟಲೆ ಅಷ್ಟನ್ನೇ ಉರು ಹೊಡೆದುಕೊಂಡಿದ್ದೆ. ಮೊನ್ನೆ ಬೇರೇನೋ ಹುಡುಕುವಾಗ ಆ ಚಿತ್ರದ ಪಾತ್ರವರ್ಗದ ಪಟ್ಟಿ ಕಣ್ಣಿಗೆ ಬಿತ್ತು. ಇಂದ್ರಜಿತು: ಎಂ.ವಿ. ಸುಬ್ಬಯ್ಯ ನಾಯ್ಡು. ಸುಲೋಚನೆ: ತ್ರಿಪುರಾಂಬ. ರಾವಣ: ಆರ್. ನಾಗೇಂದ್ರರಾಯರು. ಲಕ್ಷ್ಮಣ: ವೈ.ವಿ. ರಾವ್.

ಅಲ್ಲಿಗೆ ನಿಂತೆ. ನಿರ್ದೇಶಕರ ಹೆಸರೂ ಅದೇ ಅಲ್ಲವೇ?

ಅದೇ. ಯರಗುಡಿಪಾಟಿ ವರದರಾವ್. ಊರು ನೆಲ್ಲೂರು, ಮನೆಮಾತು ತೆಲುಗು. ಕನ್ನಡಕ್ಕೆ ಬೆಳ್ಳಿತೆರೆಯ ಮೇಲೆ ಮಾತು ಕಲಿಸಲು ಬಂದ ಈ ಮನುಷ್ಯ ಹೆಸರು ಮಾಡಿದ್ದು ಮಾತೇ ಇಲ್ಲದ ಚಿತ್ರಗಳಲ್ಲಿ. ಕೊಲ್ಹಾಪುರ, ಮುಂಬಯಿಗಳ ಮೂಕಿ ಕಂಪನಿಗಳಲ್ಲಿ ಬಣ್ಣ ಹಚ್ಚಿ, ಆಮೇಲೆ ಮದರಾಸಿಗೆ ಬಂದು ‘ಗರುಡ ಗರ್ವಭಂಗಂ’ನಂಥ ಪೌರಾಣಿಕಗಳಲ್ಲಿ ನಟಿಸಿದವರು. 1930ರ ಹೊತ್ತಿಗೆ ‘ಪಾಂಡವ ನಿರ್ವಾಣ’ದೊಂದಿಗೆ ಕ್ಯಾಮೆರಾದ ಹಿಂದಕ್ಕೆ ಸರಿದರು. ಗುಬ್ಬಿ ವೀರಣ್ಣನವರು ನಾಟಕದ ದುಡ್ಡನ್ನು ಸಿನಿಮಾಕ್ಕೆ ಸುರಿದು ಮೂಕಿ ತೆಗೆಸುತ್ತಿದ್ದರಲ್ಲ, ಅವರ ‘ಹರಿಮಾಯೆ’ಯನ್ನು ನಿರ್ದೇಶಿಸಿದವರೂ ಇದೇ ರಾವ್. ಅಷ್ಟರಲ್ಲಿ, 1931ರಲ್ಲಿ, ಮುಂಬಯಿಯಲ್ಲಿ ‘ಆಲಂ ಆರಾ’ ಮಾತಾಡಿಬಿಟ್ಟಿತ್ತು. ಮುಖವನ್ನೇ ನಂಬಿ ಬದುಕಿದವರ ಎದೆ ಧಸಕ್ಕೆಂದ ಕಾಲ ಅದು.

ನಟ ನಿರ್ದೇಶಕನಾದ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತೇವೆ. ಆದರೆ ಮೂಕಿಯ ನಿರ್ದೇಶಕನ ಕೆಲಸ ಹೇಗಿತ್ತು ನೋಡಿ. ಕ್ಯಾಮೆರಾದವನು ಹಿಡಿ ತಿರುಗಿಸುತ್ತಿರುತ್ತಾನೆ. ಪಕ್ಕದಲ್ಲಿ ನಿಂತ ನಿರ್ದೇಶಕ ಗಂಟಲು ಹರಿಯುವಂತೆ ಕೂಗುತ್ತಿರುತ್ತಾನೆ: ಎಡಕ್ಕೆ ತಿರುಗು, ಕತ್ತಿ ಎತ್ತು, ಈಗ ಅಳು, ಇನ್ನೂ ಜೋರಾಗಿ ಅಳು. ಎಷ್ಟು ಕಿರುಚಿದರೂ ರೀಲಿಗೆ ಕೇಳಿಸದು. ಅತ್ತ ಬಡಗಿ ಮೊಳೆ ಹೊಡೆಯುತ್ತಿದ್ದರೂ ನಡೆದೀತು. ಟಾಕಿ ಬಂತು, ಆ ಬಾಯಿಗೆ ಬೀಗ ಬಿತ್ತು. ಧ್ವನಿಯನ್ನು ಆಮೇಲೆ ಕೂರಿಸುವ ಡಬ್ಬಿಂಗ್ ಇನ್ನೂ ಬಂದಿರಲಿಲ್ಲ. ಮಾತು, ಹಾಡು, ಹಾರ್ಮೋನಿಯಂ ಎಲ್ಲವೂ ಚಿತ್ರದ ಜೊತೆಜೊತೆಗೇ ಅಚ್ಚಾಗಬೇಕು. ವಾದ್ಯದವರು ಚೌಕಟ್ಟಿನಾಚೆ ಎಲ್ಲೋ ಅವಿತುಕೊಳ್ಳಬೇಕು. ಒಬ್ಬ ಕೆಮ್ಮಿದರೆ ಇಡೀ ದೃಶ್ಯ ಮತ್ತೆ ಮೊದಲಿನಿಂದ. ನಟರಿಗೆ ಮಾತು ಬಂದ ದಿನವೇ ನಿರ್ದೇಶಕ ಮೂಕನಾದ.

ರಾವ್ ಪಾಲಿಗೆ ಬಂದವರಾದರೂ ಎಂಥವರು! ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ರಂಗಭೂಮಿಯಲ್ಲಿ ಪಳಗಿದ ಹುಲಿಗಳು. ಮೈಕಿಲ್ಲದ ಕಾಲದಲ್ಲಿ ಕಟ್ಟಕಡೆಯ ನೆಲದ ಗಿರಾಕಿಗೂ ಕೇಳುವಂತೆ ಕಂದ ಹಾಡಿ, ಒನ್ಸ್ ಮೋರ್ ಗಿಟ್ಟಿಸಿದವರು. ಕಂಠವೇ ಅವರ ಬಂಡವಾಳ. ಮೂಕಿಯಿಂದ ಬಂದವರಿಗೆ ಹುಬ್ಬು, ಕಣ್ಣು, ಬೆರಳೇ ಬಂಡವಾಳ. ಸಂಭಾಷಣೆ, ಹಾಡುಗಳನ್ನು ಬರೆದುಕೊಟ್ಟವರು ಬೆಳ್ಳಾವೆ ನರಹರಿ ಶಾಸ್ತ್ರಿಗಳು. ದುಡ್ಡು ಹಾಕಿದವರು ಚಮನ್‌ಲಾಲ್ ಡುಂಗಾಜಿ, ರಾಜಸ್ಥಾನ ಮೂಲದ ಬೆಂಗಳೂರು ವ್ಯಾಪಾರಿ. ಚಿತ್ರೀಕರಣ ಕೊಲ್ಹಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ರಾವ್ ಎಂದೋ ಬಣ್ಣ ಹಚ್ಚಿದ ಊರಿಗೇ ಮರಳಿದ್ದರು. ಸುಮಾರು ಎರಡು ತಿಂಗಳ ಕೆಲಸ, ನಲವತ್ತು ಸಾವಿರ ರೂಪಾಯಿ ಖರ್ಚು ಎನ್ನುತ್ತಾರೆ. ತೆಲುಗು ನಿರ್ದೇಶಕ, ಮಾರ್ವಾಡಿ ಹಣ, ಮರಾಠಿ ನೆಲ. ಕನ್ನಡ ಮಾತಾಡಿದ್ದು ಹೀಗೆ. ಭಾಷಾಭಿಮಾನದ ಭಾಷಣಕಾರರು ಇದನ್ನು ಹೇಳುವುದು ಕಡಿಮೆ.

ಇನ್ನು ಆ ಲಕ್ಷ್ಮಣನ ಪಾತ್ರ. ಹದಿನಾಲ್ಕು ವರ್ಷ ನಿದ್ದೆಗೆಟ್ಟವನ ಕೈಯಲ್ಲೇ ಇಂದ್ರಜಿತುವಿಗೆ ಸಾವು ಎಂದು ಹರಿಕಥೆಗಳಲ್ಲಿ ಕೇಳಿದವರು ನಾವು. ಮೊದಲ ಟಾಕಿ ನಿರ್ದೇಶಿಸುವವನಿಗೂ ನಿದ್ದೆ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ, ಆ ಮಟ್ಟಿಗೆ ಪಾತ್ರ ಹೊಂದಿಕೆಯಾಗಿದೆ! ತಮಾಷೆ ಇರಲಿ. ಕ್ಯಾಮೆರಾದ ಹಿಂದೆ ನಿಂತು ತುಟಿ ಬಿಚ್ಚುವಂತಿಲ್ಲದ ಮನುಷ್ಯನಿಗೆ ಅದರ ಮುಂದೆ ಹೋಗಿ ನಿಂತರೆ ಮಾತಾಡುವ ಹಕ್ಕಿತ್ತು. ರಾವ್ ಹೋಗಿ ನಿಂತರು. ಕಿರೀಟ ತೊಟ್ಟು, ಬಿಲ್ಲು ಹಿಡಿದು, ತಾನೇ ತಿದ್ದಿ ತೀಡಿದ ಕಥಾನಾಯಕನನ್ನು ತಾನೇ ಕೊಂದರು. ಖರ್ಚು ಉಳಿಸಲೆಂದೋ, ಹಳೆಯ ಬಣ್ಣದ ಚಪಲವೋ. ನನಗೆ ಚಪಲವೇ ಎನಿಸುತ್ತದೆ. ಮೂರು ವರ್ಷದ ಮೇಲೆ ತಮಿಳಿನ ‘ಚಿಂತಾಮಣಿ’ ನಿರ್ದೇಶಿಸಿದಾಗಲೂ ಅವರು ಕೃಷ್ಣನಾಗಿ ತೆರೆಗೆ ಬಂದರು. 1941ರ ‘ಸಾವಿತ್ರಿ’ಯಲ್ಲಿ ಶಾಂತಾ ಆಪ್ಟೆ ಸಾವಿತ್ರಿ, ಎಂ.ಎಸ್. ಸುಬ್ಬುಲಕ್ಷ್ಮಿ ನಾರದ, ಸತ್ಯವಾನ ಮತ್ತೆ ನಿರ್ದೇಶಕರೇ. ಕ್ಯಾಮೆರಾದ ಹಿಂದಕ್ಕೆ ಹೋದವರು ಮುಂದಿನ ಬಾಗಿಲನ್ನು ಓರೆಯಾಗಿಯೇ ಇಟ್ಟುಕೊಂಡಿದ್ದರು.

‘ಚಿಂತಾಮಣಿ’ಯ ಹೆಸರೆತ್ತಿದ್ದಕ್ಕೆ ಒಂದು ಮಾತು. ತ್ಯಾಗರಾಜ ಭಾಗವತರ್ ಎದುರು ಅದರ ನಾಯಕಿಯಾದ ಅಶ್ವತ್ಥಮ್ಮ ನಮ್ಮ ಕನ್ನಡದ ನಟಿ. ವರ್ಷಕ್ಕೂ ಮೀರಿ ಓಡಿದ ಆ ಚಿತ್ರದ ಲಾಭದಲ್ಲಿ ಮದುರೆಯಲ್ಲಿ ಅದೇ ಹೆಸರಿನ ಟಾಕೀಸೇ ಎದ್ದಿತು.

ನಮ್ಮಲ್ಲಿ ಎದ್ದದ್ದು ಜಗಳ. ಮೊದಲು ಚಿತ್ರೀಕರಣಗೊಂಡ ವಾಕ್ಚಿತ್ರ ‘ಭಕ್ತ ಧ್ರುವ’, ‘ಸುಲೋಚನ’ ಅಲ್ಲ ಎಂಬ ತಕರಾರು ಇಂದಿಗೂ ಆಗಾಗ ಹೊಗೆಯಾಡುತ್ತದೆ. ಎ.ವಿ. ವರದಾಚಾರ್ಯರ ರತ್ನಾವಳಿ ನಾಟಕ ಕಂಪನಿಯ ಕಲಾವಿದರಿದ್ದ ಚಿತ್ರವದು, ನಿರ್ದೇಶಕ ಮರಾಠಿಯ ಆಲ್ಟೇಕರ್. ತೆರೆ ಕಾಣುವ ಓಟದಲ್ಲಿ ‘ಸುಲೋಚನ’ ಮುಂದಾಯಿತು. ಸಾಲುಗಟ್ಟಿ ಬಂದ ಜನ ಆರು ವಾರ ಚಿತ್ರಮಂದಿರ ತುಂಬಿಸಿದರಂತೆ. ಯಾರು ಮೊದಲು ಎಂದು ಕೈ ಕೈ ಮಿಲಾಯಿಸುವ ನಮಗೆ ತೋರಿಸಲು ಯಾವುದಿದೆ ಹೇಳಿ? ‘ಸತಿ ಸುಲೋಚನ’ದ ಪ್ರತಿ ಇಲ್ಲ. ಮೂರು ಗಂಟೆಗೆ ಏಳೇ ನಿಮಿಷ ಕಡಿಮೆಯಿದ್ದ ಚಿತ್ರದಿಂದ ಉಳಿದದ್ದು ಕೆಲವು ಫೋಟೋ, ಒಂದಿಷ್ಟು ಹೆಸರು. ಕಿಡಿ ತಾಗಿದರೆ ಭುಗಿಲೆನ್ನುವ ನೈಟ್ರೇಟ್ ಫಿಲ್ಮಿನ ಕಾಲವದು. ಸುಡದೆ ಉಳಿದ ಎಷ್ಟೋ ರೀಲುಗಳು ಬೆಳ್ಳಿ ತೆಗೆಯುವವರ ಪಾಲಾದವು. ಬೆಳ್ಳಿತೆರೆಯ ಚರಿತ್ರೆಯನ್ನು ತೂಕಕ್ಕೆ ಹಾಕಿ ಮಾರಿದ ಜನ ನಾವು. ಪ್ಯಾರಾಮೌಂಟ್ ಮುಂದೆ ಪರಿಮಳ ಟಾಕೀಸ್ ಆಯಿತು, ಈಗ ಅದೂ ಇಲ್ಲ. ಮಾರ್ಕೆಟ್ಟಿನ ಗಲಾಟೆಯಲ್ಲಿ ನಿಂತು ಆ ಜಾಗ ಎಲ್ಲಿ ಎಂದು ಕೇಳಿದೆ. ಹೂವಿನವರೊಬ್ಬರು ಯಾವ ಬಸ್ ಬೇಕು ಸ್ವಾಮಿ ಎಂದರು.

ರಾವ್ 1973ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಅವರ ಮಗಳು ‘ಗೋವಾದಲ್ಲಿ ಸಿಐಡಿ 999’ ಚಿತ್ರದಲ್ಲಿ ರಾಜ್‌ಕುಮಾರ್ ಜೊತೆ ನಟಿಸಿ ಕನ್ನಡದ ಮನೆಮಾತಾಗಿದ್ದರು. ನಟಿ ಲಕ್ಷ್ಮಿ. ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್. 1979ರಲ್ಲಿ ದೊರೆ-ಭಗವಾನ್ ‘ಚಂದನದ ಗೊಂಬೆ’ ತೆಗೆದಾಗ ಅನಂತ್ ನಾಗ್ ಜೊತೆ ಇವರಿಬ್ಬರೂ ಇದ್ದರು. ಅದರ ಪ್ರತಿ ಇದೆ. ಮುಂದೆ ಎಂದಾದರೂ ಟಿ.ವಿ.ಯಲ್ಲಿ ಬಂದರೆ ಗಮನಿಸಿ. ಲಕ್ಷ್ಮಣನ ಮಗಳು, ಇಂದ್ರಜಿತುವಿನ ಮಗ, ಒಂದೇ ಚಿತ್ರದಲ್ಲಿ.