ಹುಲಿಯ ಹೊಟ್ಟೆಯೊಳಗಿನ ಆರ್ಗನ್

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪುವಿನ ಅರಮನೆಯನ್ನು ಜಾಲಾಡಿದ ಈಸ್ಟ್ ಇಂಡಿಯಾ ಕಂಪನಿಯವರಿಗೆ ವಾದ್ಯಗಳನ್ನು ಇಟ್ಟಿದ್ದ ಕೋಣೆಯಲ್ಲಿ ಹೆಚ್ಚುಕಡಿಮೆ ಆಳುದ್ದದ ಮರದ ಹುಲಿಯೊಂದು ಸಿಕ್ಕಿತು. ವಾದ್ಯಗಳ ಕೋಣೆಯಲ್ಲಿ! ಟಿಪ್ಪುವಿನ ಹುಲಿಯೆಂದರೆ ಬಿಳಿಯನ ಕೊರಳಿಗೆ ಬಾಯಿ ಹಾಕಿದ ಸಿಟ್ಟಷ್ಟೇ ನಮಗೆ ನೆನಪಾಗುತ್ತದೆ. ಅದು ನುಡಿಸುವ ವಾದ್ಯವೂ ಹೌದು.

ಹುಲಿಯ ಪಕ್ಕೆಯ ಮುಚ್ಚಳ ತೆರೆದರೆ ಆನೆದಂತದ 18 ಗುಂಡಿಗಳು, ಒಳಗೆ ಎರಡು ಸಾಲು ಕೊಳವೆಗಳು. ಹಾರ್ಮೋನಿಯಂನಲ್ಲಿ ತಿದಿಯ ಗಾಳಿ ಲೋಹದ ನಾಲಗೆಯನ್ನು ಅದುರಿಸುತ್ತದೆ. ಇಲ್ಲಿ ಅದೇ ಗಾಳಿ ಕೊಳವೆ ಹೊಕ್ಕು ಸ್ವರವಾಗುತ್ತದೆ. ಹಿಡಿಕೆ ತಿರುಗಿಸಿದರೆ ಕೆಳಗೆ ಬಿದ್ದವನ ಎಡಗೈ ಏಳುತ್ತದೆ, ಬೀಳುತ್ತದೆ; ಅದಕ್ಕೆ ತಕ್ಕಂತೆ ಅವನ ಗಂಟಲ ಕೊಳವೆಯ ನರಳಾಟವೂ ಏರಿಳಿಯುತ್ತದೆ. ಹುಲಿಯ ತಲೆಯೊಳಗಿನ ಕೊಳವೆಗೆ ಗಾಳಿಯೂಡುವ ತಿದಿಗೆ ಭಾರ ಕಟ್ಟಿದ್ದಾರೆ. ಹಲ್ಲುಚಕ್ರಗಳು ಅದನ್ನು ಮೆಲ್ಲಗೆ ಮೇಲೆತ್ತಿ ಥಟ್ಟನೆ ಕೈಬಿಡುತ್ತವೆ. ಬಿದ್ದ ರಭಸಕ್ಕೆ ಗಾಳಿ ಹೊರನುಗ್ಗಿ ಹುಲಿ ಗುರುಗುಟ್ಟುತ್ತದೆ. ಮೈಯ ಕೆತ್ತನೆ ನಮ್ಮ ಕಡೆಯವರದು. ಒಳಗಿನ ಯಂತ್ರದಲ್ಲಿ ಫ್ರೆಂಚ್ ಕುಶಲಕರ್ಮಿಗಳ ಕೈ ಇದ್ದಿರಬಹುದೆಂದು ತಿಳಿದವರ ಊಹೆ.

1808ರಿಂದ ಲಂಡನ್ನಿನ ಕಂಪನಿ ಕಚೇರಿಯಲ್ಲಿ ಅದು ಪ್ರದರ್ಶನದ ವಸ್ತುವಾಯಿತು. ಬಂದವರೆಲ್ಲ ಹಿಡಿಕೆ ತಿರುಗಿಸಿ, ಅಲ್ಲಿನ ಗ್ರಂಥಾಲಯದಲ್ಲಿ ಓದುವವರಿಗೆ ರಗಳೆಯಾಯಿತು. 1843ರ ಹೊತ್ತಿಗೆ ಹಿಡಿಕೆಯೇ ಕಾಣೆ. 1880ರಲ್ಲಿ ಹುಲಿ ಈಗಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಸೇರಿತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬಿದ್ದು, ಚಾವಣಿ ಕುಸಿದು, ಮರದ ಮೈ ನೂರಾರು ಚೂರಾಯಿತು. ಚೂರಿಗೆ ಚೂರು ಕೂಡಿಸಿ 1947ರ ಹೊತ್ತಿಗೆ ಮತ್ತೆ ನಿಲ್ಲಿಸಿದರು. ಆ ತಾಳ್ಮೆಗೆ ಕೈಮುಗಿಯಬೇಕು.

ದನಿಯ ಪಾಡು ಬೇರೆ. ಚರ್ಚುಗಳ ಹಳೆಯ ಆರ್ಗನ್ನುಗಳನ್ನು ಮರಳಿ ಕಟ್ಟುವ ಒಳ್ಳೆಯ ಕೆಲಸಗಾರರು ಮೊದಲು ಕಾಪಾಡುವುದು ಮೂಲ ಕೊಳವೆಗಳನ್ನು. ತಿದಿಯ ಚರ್ಮ ಬದಲಿಸಬಹುದು. ಕೊಳವೆಯ ಬಾಯಿಯನ್ನು ಒಂದಿಷ್ಟು ಕೆತ್ತಿದರೂ ಹಳೆಯ ದನಿ ಹೋದಂತೆಯೇ. ನಮ್ಮ ಹುಲಿಗೆ ಆ ಭಾಗ್ಯ ಸಿಗಲಿಲ್ಲ. ಹಿಂದಿನ ದುರಸ್ತಿಗಳಲ್ಲಿ ಒಳಗಿನ ಏರ್ಪಾಟನ್ನು ನಿರ್ದಯವಾಗಿ ಬದಲಿಸಲಾಗಿದೆ ಎಂದು ಯಾಂತ್ರಿಕ ವಾದ್ಯಗಳ ತಜ್ಞ ಆರ್ಥರ್ ಆರ್ಡ್-ಹ್ಯೂಮ್ ಗುರುತಿಸಿದ್ದಾರೆ. ಎರಡೂ ಸಾಲಿನ ಕೊಳವೆಗಳದು ಹೆಚ್ಚುಕಡಿಮೆ ಒಂದೇ ಶ್ರುತಿ. ಒಟ್ಟಿಗೆ ನುಡಿಸಿದಾಗ ಕೂದಲೆಳೆಯಷ್ಟು ವ್ಯತ್ಯಾಸದಿಂದ ಸ್ವರ ಅಲೆಯಲೆಯಾಗಿ ನಡುಗುತ್ತದೆ. ಅಷ್ಟೊಂದು ಕೈಗಳು ಆಡಿದ ಮೇಲೆ, ಆ ನಡುಕವನ್ನು ಶ್ರೀರಂಗಪಟ್ಟಣದ ಕುಶಲಿಗಳೇ ಬಯಸಿ ಇಟ್ಟಿದ್ದೋ, ರಿಪೇರಿಯಲ್ಲಿ ಬಂದು ಸೇರಿದ್ದೋ ಹೇಳುವಂತಿಲ್ಲ.

ಇರುವ ಕೊಳವೆಗಳನ್ನು ಇನ್ನು ಮುಟ್ಟದೆ, ಅವುಗಳ ಅಳತೆ ತೆಗೆದು ನುಡಿಯುವ ಒಂದು ಪ್ರತಿಯನ್ನು ಶ್ರೀರಂಗಪಟ್ಟಣದಲ್ಲೇ ಕಟ್ಟಬೇಕು. ಮರದ ಮೈ ಕೆತ್ತಲು ಮೈಸೂರು ಸೀಮೆಯಲ್ಲಿ ಕೈಗಳಿಗೇನೂ ಬರವಿಲ್ಲ.