ಲ್ಯಾಪ್‌ಟಾಪಿನಲ್ಲಿ ಪಾಠಪರೀಕ್ಷೆ

ಪರೀಕ್ಷೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ವರ್ಷಾಂತ್ಯದ ಪ್ರಶ್ನಪತ್ರಿಕೆ, ಅದರ ಹಿಂದೆಯೇ ಅಂಕಪಟ್ಟಿ. ಪಾಠ ಮುಗಿದು ತಿಂಗಳುಗಳಾದ ಮೇಲೆ ಕೈಸೇರುವ ಆ ಅಂಕಗಳು ಮಗುವು ಎಲ್ಲಿ ಎಡವಿತೆಂಬುದನ್ನು ತಿಳಿಸವು; ತಿಳಿಸಿದರೂ ತಿದ್ದುವ ಕಾಲ ಮೀರಿರುತ್ತದೆ. ನಿರಂತರವೂ ಸಮಗ್ರವೂ ಆದ ಮೌಲ್ಯಮಾಪನ ನಡೆಯಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯು ಹೇಳಿದುದು ಈ ಕಾರಣದಿಂದಲೇ. ಗೋವೆಯ ವಿದ್ಯಾರ್ಥಿಗಳಿಗೆ ಗಣಕಯಂತ್ರವು ಹೊಸದೇನೂ ಅಲ್ಲ. 2002ರ ಸುಮಾರಿಗೇ ಸರ್ಕಾರವು ‘ಸೈಬರ್ ಏಜ್’ ಯೋಜನೆಯ ಮೂಲಕ ಅದನ್ನು ಮಕ್ಕಳ ಮನೆಗಳಿಗೆ ಮುಟ್ಟಿಸತೊಡಗಿತ್ತು. ಆದರೆ ಯಂತ್ರವು ಮನೆಗೆ ಬರುವುದು ಬೇರೆ, ಪಾಠಕ್ಕೆ ಒದಗುವುದು ಬೇರೆ.

ಒಂದು ಉದಾಹರಣೆಯನ್ನು ನೋಡೋಣ. ದಶಮಾಂಶದ ಪಾಠ ನಡೆದಿದೆ. ಕಲಂಗುಟಿನ ಮೀನುಪೇಟೆಯಲ್ಲಿ ಒಂದು ಪೊಟ್ಟಣದಲ್ಲಿ 0.35 ಕಿಲೋ ಬಂಗುಡೆ, ಇನ್ನೊಂದರಲ್ಲಿ 0.4 ಕಿಲೋ, ಯಾವುದು ಹೆಚ್ಚು ತೂಕದ್ದು? ಮಕ್ಕಳೆಲ್ಲರೂ ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ಉತ್ತರವನ್ನು ಒತ್ತುತ್ತಾರೆ. ಕ್ಷಣಾರ್ಧದಲ್ಲಿ ಎಷ್ಟು ಮಂದಿ ಯಾವುದನ್ನು ಆರಿಸಿದರೆಂಬುದು ಉಪಾಧ್ಯಾಯರ ಕಣ್ಣೆದುರಿಗೆ ಬರುತ್ತದೆ. 0.35 ಎಂದ ಮಗುವು ‘ನಾಲ್ಕಕ್ಕಿಂತ ಮೂವತ್ತೈದು ದೊಡ್ಡದು’ ಎಂದು ಎಣಿಸಿದೆ. ಅದು ಅಜಾಗರೂಕತೆಯಲ್ಲ, ಪೂರ್ಣಸಂಖ್ಯೆಯ ನಿಯಮವನ್ನು ಸಲ್ಲದ ಕಡೆಗೆ ಎಳೆದು ತಂದುದರ ಫಲ.

ಸೋಜಿಗವೆಂದರೆ, 0.4 ಎಂದವರೆಲ್ಲರೂ ಪಾಠವನ್ನು ಅರಿತವರೆಂದು ಹೇಳಲಾಗದು. ‘ಬಿಂದುವಿನ ಮುಂದೆ ಅಂಕಿಗಳು ಕಡಿಮೆಯಿದ್ದರೆ ಸಂಖ್ಯೆ ದೊಡ್ಡದು’ ಎಂಬ ತಪ್ಪು ನಂಬಿಕೆಯಿಂದಲೂ ಅದೇ ಉತ್ತರ ಬರುತ್ತದೆ! ಆದುದರಿಂದ ಜಾಣ ಉಪಾಧ್ಯಾಯರು ಒಡನೆಯೇ ಎರಡನೆಯ ಪ್ರಶ್ನೆಯನ್ನು ಹಾಕುತ್ತಾರೆ: 0.45, 0.4 ಇವುಗಳಲ್ಲಿ ಯಾವುದು ದೊಡ್ಡದು? ಈಗ 0.4 ಎಂದವರು ಯಾರೋ, ಅವರಿಗೆ ಹತ್ತನೆಯ ಹಾಗೂ ನೂರನೆಯ ಭಾಗಗಳನ್ನು ಚೌಕದ ಹಾಳೆಯ ಮೇಲೆ ಬಣ್ಣ ತುಂಬಿಸಿ ತೋರಿಸಬೇಕು. ಯಂತ್ರವು ಉತ್ತರಗಳನ್ನು ಕೂಡಿಸಿಕೊಟ್ಟೀತು. ಇಂತಹ ಪ್ರಶ್ನೆಯನ್ನು ಹೆಣೆಯುವುದು ಮಾತ್ರ ಉಪಾಧ್ಯಾಯರ ಕೆಲಸ.

ಈ ಕಾರ್ಯವನ್ನು ಸ್ಲೇಟು ಎತ್ತಿ ಹಿಡಿದು ಮಾಡಲಾಗದೇ ಎಂದು ಹಿರಿಯರು ಕೇಳಬಹುದು. ಮುಕ್ಕಾಲು ಪಾಲು ಮಾಡಬಹುದು. ಲ್ಯಾಪ್‌ಟಾಪಿನ ಹೆಚ್ಚಳವೆಂದರೆ, ನೆರೆಯವನ ಉತ್ತರವನ್ನು ನೋಡಿ ಬರೆಯುವ ಅವಕಾಶ ಕಡಿಮೆ. ಸಂಕೋಚದ ಮಗುವೂ ನಗೆಗೀಡಾಗದೆ ಉತ್ತರಿಸುತ್ತದೆ. ನಿನ್ನೆಯ ತಪ್ಪು ಇಂದಿಗೂ ದಾಖಲೆಯಲ್ಲಿ ಉಳಿದಿರುತ್ತದೆ.

ಇನ್ನು ತಾಯಿತಂದೆಗಳಿಗೆ ಒಂದು ಮಾತು. ಮಗುವು ಮನೆಗೆ ಬಂದೊಡನೆ ‘ಎಷ್ಟು ಅಂಕ ಬಂತು?’ ಎಂದು ಕೇಳುವುದು ವಾಡಿಕೆ. 1988ರಲ್ಲಿ ರೂತ್ ಬಟ್ಲರ್ ಎಂಬ ವಿದುಷಿಯು ಇಸ್ರೇಲಿನ ಶಾಲಾಮಕ್ಕಳಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಕೆಲವರಿಗೆ ಅಂಕ ಮಾತ್ರ, ಕೆಲವರಿಗೆ ತಿದ್ದುಪಡಿಯ ಮಾತು ಮಾತ್ರ, ಕೆಲವರಿಗೆ ಎರಡೂ. ಮಾತನ್ನು ಮಾತ್ರ ಪಡೆದವರು ಮುಂದುವರಿದರು. ಎರಡನ್ನೂ ಪಡೆದವರು ಅಂಕ ಮಾತ್ರ ಪಡೆದವರಂತೆಯೇ ಹಿಂದುಳಿದರು. ಅಂಕವನ್ನು ಕಂಡ ಕಣ್ಣು ಮಾತಿನತ್ತ ತಿರುಗಲಿಲ್ಲವೆಂದು ತೋರುತ್ತದೆ. ಪಾಠದ ನಡುವಣ ಈ ಪ್ರಶ್ನೆಗಳಿಗೆ ಅಂಕ ಕೊಡದಿರುವುದೇ ಲೇಸೆಂಬುದು ನಮ್ಮ ಅಭಿಪ್ರಾಯ.

ಕನ್ನಡ ಮಕ್ಕಳ ವಿಷಯದಲ್ಲಿ ಇನ್ನೆರಡು ಎಚ್ಚರಿಕೆಗಳು ಬೇಕು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸವು ‘ನುಡಿ’ ತಂತ್ರಾಂಶದ ಮೂಲಕ ಎಲ್ಲೆಡೆ ಹರಡಿದೆ. ಆದರೂ ಅದರಲ್ಲಿ ‘ನ್ನ’ ಎಂಬ ಒಂದು ಅಕ್ಷರಕ್ಕೆ ನ, ಎಫ್, ನ ಎಂದು ಮೂರು ಕೀಲಿಗಳನ್ನು ಒತ್ತಬೇಕು. ಬೆರಳು ಪಳಗದ ಮಗುವಿನ ಉತ್ತರ ತಡವಾದರೆ ಅದನ್ನು ಅಜ್ಞಾನವೆಂದು ಬಗೆಯಬಾರದು. ವಾಕ್ಯದ ಉತ್ತರಗಳನ್ನು ನೋಟುಪುಸ್ತಕದಲ್ಲಿಯೇ ಬರೆಯಿಸುವುದು ಮೇಲು.

ಎರಡನೆಯದು ಭಾಷೆ. ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ದುಡಿಮೆಗಾಗಿ ಬಂದ ಕುಟುಂಬಗಳ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಕೊಂಕಣಿ, ಹಿಂದಿಗಳನ್ನೂ ಕೇಳಿ ಬೆಳೆದು, ಮುಂದೆ ಇಂಗ್ಲಿಷ್ ಮಾಧ್ಯಮದ ತರಗತಿಗೆ ಹೋಗಬೇಕಾಗುತ್ತದೆ. ಆಗ ತಪ್ಪಿದುದು ಲೆಕ್ಕವೋ ಪ್ರಶ್ನೆಯ ಮಾತೋ ಎಂಬ ಸಂದೇಹ ಬಂದರೆ, ಅದೇ ಪ್ರಶ್ನೆಯನ್ನು ಒಮ್ಮೆ ಇಂಗ್ಲಿಷಿನಲ್ಲಿ, ಇನ್ನೊಮ್ಮೆ ಅಂಕಿಗಳನ್ನು ಬದಲಿಸಿ ಕನ್ನಡದಲ್ಲಿ ಕಳುಹಿಸಿ ನೋಡಬಹುದು. ಕನ್ನಡದಲ್ಲಿ ಸರಿಯಾಗಿ ಇಂಗ್ಲಿಷಿನಲ್ಲಿ ತಪ್ಪಿದ ಮಗುವಿಗೆ ಬೇಕಾದುದು ಗಣಿತದ ಮರುಪಾಠವಲ್ಲ, ಹತ್ತಾರು ಇಂಗ್ಲಿಷ್ ಪದಗಳ ಅರ್ಥ.